ಬಿಸಿಲು ಕಂಡ ಇನ್ಸುಲಿನ್

ನನ್ನ ಸೋದರತ್ತೆ ಬಿಸಿಲನ್ನು ನಂಬಿದಷ್ಟು ದೇವರನ್ನೂ ನಂಬಿಲ್ಲ. ದೇವರಿಗೆ ಕೈ ಮುಗಿಯುವುದು ಬೆಳಿಗ್ಗೆ ಒಂದು ಗಳಿಗೆ. ಮಾಳಿಗೆ ಹತ್ತಿ ಏನಾದರೂ ಒಣಹಾಕುವುದು ದಿನವಿಡೀ. ಸುರಪುರದಲ್ಲಿ ಬಿಸಿಲಿಗೇನು ಕೊರತೆ? ಜೋಳ, ತೊಗರಿಬೇಳೆ, ಮೆಣಸಿನಕಾಯಿ ಡಬ್ಬಿ ಸೇರುವ ಮುಂಚೆ ಬಿಸಿಲು ಕಾಣಬೇಕು ಎನ್ನುವುದು ನಮ್ಮ ಕಡೆ ಎಲ್ಲರ ಮನೆಯ ಪದ್ಧತಿ. ಅತ್ತೆ ಅಷ್ಟಕ್ಕೇ ನಿಲ್ಲುವವಳಲ್ಲ. ಕೌದಿ, ರೇಷ್ಮೆ ಸೀರೆ, ಹೊಸ ಚಪ್ಪಲಿ, ಮಾವನ ರೇಡಿಯೊ, ಎಲ್ಲವೂ ಮಾಳಿಗೆಗೆ! ಒಮ್ಮೆ ಮದುವೆಯ ಆಲ್ಬಮ್ಮಿಗೆ ಹುಳ ಹತ್ತಬಾರದೆಂದು ಅದನ್ನೂ ತೆರೆದಿಟ್ಟು ಬಂದಳು. ಈಗ ಆ ಫೋಟೋದಲ್ಲಿ ಅತ್ತೆ ಒಂದು ಬಿಳಿ ಮಬ್ಬಿಗೆ ಹಾರ ಹಾಕುತ್ತಿದ್ದಾಳೆ.

"ಆ ಮಬ್ಬು ಅದಲ್ಲರಿ, ಅದು ನಾನ," ಎಂದು ಮಾವ ಮನೆಗೆ ಬಂದವರಿಗೆಲ್ಲ ತೋರಿಸುತ್ತಾರೆ.

ಇಂಥ ಅತ್ತೆಯ ಬೆಕ್ಕಿಗೆ ಸಕ್ಕರೆ ಕಾಯಿಲೆ ಬಂತು. ಹೌದು, ಬೆಕ್ಕಿಗೆ! ಅದರ ಹೆಸರು ನವಾಬ. ಹೆಸರಿಗೆ ತಕ್ಕಂತೆ ಮಾವನ ಕುರ್ಚಿಯಲ್ಲಿ ಅದು ಕೂರುತ್ತಿತ್ತು, ಮಾವ ಚಾಪೆಯಲ್ಲಿ. ಅಂಥ ದಡೂತಿ ಬೆಕ್ಕು ಇದ್ದಕ್ಕಿದ್ದಂತೆ ಕೊಡದ ನೀರಿಗೆ ಮುಖ ಹಾಕಿ ಕುಡಿದದ್ದೇ ಕುಡಿದದ್ದು. ತಟ್ಟೆ ತಟ್ಟೆ ತಿಂದರೂ ಸೊರಗಿತು, ಹಿಂಗಾಲು ಎಳೆಯತೊಡಗಿತು. ನಾನು ಶಹಾಪುರದಲ್ಲಿ ಶಾಲೆಯ ಮಾಸ್ತರಿಣಿ. ಓದಿದವಳು ಎಂಬ ಒಂದೇ ಅಪರಾಧಕ್ಕೆ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಯಾದಗಿರಿಯ ದನದ ಡಾಕ್ಟರ ಬಳಿ ಹೋಗುವ ಕೆಲಸ ನನ್ನ ತಲೆಗೆ ಬಂತು.

"ಶುಗರ್ ಅದರಿ ಮೇಡಂ," ಎಂದರು ಡಾಕ್ಟರ್, ರಕ್ತ ಪರೀಕ್ಷೆ ಮಾಡಿ.

"ಯಾರಿಗ್ರಿ?"

"ನಿಮಗಂತೂ ನೋಡಿಲ್ಲ. ಬೆಕ್ಕಿಗ್ರಿ."

ಬೆಳಿಗ್ಗೆ ಸಂಜೆ ಇನ್ಸುಲಿನ್ ಚುಚ್ಚಬೇಕಂತೆ. ಬಾಟಲಿ ಫ್ರಿಜ್ಜಿನಲ್ಲಿರಬೇಕು, ಐಸ್ ಕಟ್ಟುವ ಖಾನೆಯಲ್ಲಿ ಮಾತ್ರ ಕೂಡದು. ಜೋರಾಗಿ ಕುಲುಕದೆ ಅಂಗೈಯಲ್ಲಿ ಮೆಲ್ಲಗೆ ಹೊರಳಿಸಬೇಕು. ಎಲ್ಲವನ್ನೂ ಅತ್ತೆಗೆ ಪಾಠದಂತೆ ಒಪ್ಪಿಸಿದೆ, ಅವಳು ನನಗೆ ತಿರುಗಿ ಒಪ್ಪಿಸಿದಳು. ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯೊಳಗಿಟ್ಟು, ಫ್ರಿಜ್ಜಿನ ನಡುವಿನ ಖಾನೆಯಲ್ಲಿ ಪ್ರತಿಷ್ಠಾಪಿಸಿದಳು. ಪಕ್ಕದ ಮನೆಯ ಕೂಸಿಗೆ ಸೂಜಿ ಹಾಕಿದರೆ ಒಳಗೆ ಓಡಿಹೋಗುವ ಅತ್ತೆ, ಮೊದಲ ದಿನವೇ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಚುಚ್ಚಿಯೇಬಿಟ್ಟಳು. ನಾನು ದಂಗಾದೆ.

ಅಂದೇ ಮನೆಯಿಂದ ಸಕ್ಕರೆ, ಬೆಲ್ಲ ಎರಡೂ ಗಡೀಪಾರಾದವು.

"ಅತ್ತಿ, ಶುಗರ್ ಇರೂದು ಬೆಕ್ಕಿಗೆ. ಚಹಾಕ್ಕ ಸಕ್ಕರಿ ಹಾಕಿದ್ರ ಏನಾಗ್ತದ?"

"ಅದು ಬಾಯಿ ಕಟ್ಟಿ ಕುಂತಾದ. ಅದರ ಮುಂದ ನಾವು ಸೀ ಕುಡದ್ರ ಚಂದ ಕಾಣ್ತದೇನ?"

ಬೆಕ್ಕಿಗೆ ಚಹಾದ ಆಸೆ ಯಾವಾಗ ಇತ್ತು ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಮಾವ ಗುಟ್ಟಾಗಿ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗತೊಡಗಿದರು. ಇನ್ನೊಂದು ವಿಚಿತ್ರವೆಂದರೆ ನಾನು ತಂದುಕೊಟ್ಟ ಸೂಜಿಗಳು ಬೇಗ ಬೇಗ ಮುಗಿಯುತ್ತಿದ್ದವು. ಬೆಕ್ಕು ಒಂದೇ, ಸೂಜಿ ಇಷ್ಟ್ಯಾಕೆ ಎಂದರೆ, "ತರೂದು ನಿನ್ನ ಕೆಲಸ, ಲೆಕ್ಕ ಕೇಳೂದಲ್ಲ," ಎಂದು ಗದರಿದಳು.

ಇಷ್ಟೆಲ್ಲ ಮಾಡಿದರೂ ನವಾಬ ಚೇತರಿಸಿಕೊಳ್ಳಲಿಲ್ಲ. ಡಾಕ್ಟರ್ ಔಷಧದ ಪ್ರಮಾಣ ಏರಿಸಿದರು. ಆಗಲಿಲ್ಲ. ಇನ್ನೂ ಏರಿಸಿದರು. "ಬಾಟ್ಲಿ ಫ್ರಿಜ್ನಾಗ ಇಟ್ಟೀರಿಲ್ಲೋ?" ಎಂದು ಪ್ರತಿ ಸಲ ಕೇಳುವರು, ಇಟ್ಟಿದ್ದೇವೆಂದು ನಾನು ಆಣೆ ಮಾಡುವೆ. ಬೆಕ್ಕಿಗೆ ನೀರಿನ ತಟ್ಟೆಯವರೆಗೂ ನಡೆಯಲಾಗುತ್ತಿರಲಿಲ್ಲ. ಅತ್ತೆ ಎತ್ತಿಕೊಂಡು ಹೋಗಿ ಕುಡಿಸುತ್ತಿದ್ದಳು. ಹೀಗೇ ಆದರೆ ಉಳಿಯುವುದು ಕಷ್ಟ ಎಂದು ಡಾಕ್ಟರ್ ನನಗೆ ಹೇಳಿದ್ದರು. ಅದನ್ನು ಅತ್ತೆಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಆ ಬಾಟಲಿ ಮುಗಿಯಿತು. ಒಂದು ಭಾನುವಾರ ಯಾದಗಿರಿಯಿಂದ ಹೊಸದನ್ನು ಥರ್ಮಾಸಿನಲ್ಲಿ ತಂಪಾಗಿ ತಂದೆ. ಅತ್ತೆ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ನಾನೇ ಫ್ರಿಜ್ಜಿನಲ್ಲಿಟ್ಟೆ. ಸಂಜೆ ಅವಳು ಬೆಕ್ಕಿಗೆ ಉಣಿಸಿ, ಏರಿಸಿದ ಪ್ರಮಾಣವನ್ನೇ ಚುಚ್ಚಿದಳು. ಒಂದೆರಡು ತಾಸಿನಲ್ಲೇ ನವಾಬ ಕುಡಿದವರಂತೆ ತೂರಾಡಿ, ಗೋಡೆಗೆ ಹಾಯ್ದು, ಬಿದ್ದು ನಡುಗತೊಡಗಿತು.

ನಾನು ಫೋನ್ ಹಚ್ಚಿದೆ. "ಶುಗರ್ ಪೂರಾ ಇಳದದರಿ. ಸಕ್ಕರಿ ನೀರು ವಸಡಿಗೆ ತಿಕ್ರಿ, ಗಂಟಲಕ್ಕ ಸುರೀಬ್ಯಾಡ್ರಿ. ತಿಕ್ಕೋತ ಇಲ್ಲಿಗೆ ಕರ್ಕೊಂಡು ಬರ್ರಿ," ಎಂದರು ಡಾಕ್ಟರ್.

ಸಕ್ಕರೆ! ಇಡೀ ಮನೆಯಲ್ಲಿ ಒಂದು ಹರಳಿಲ್ಲ. ಅತ್ತೆ ದೇವರ ಗೂಡಿಗೆ ಓಡಿ, ನೈವೇದ್ಯದ ಬಟ್ಟಲಲ್ಲಿದ್ದ ಕಲ್ಲುಸಕ್ಕರೆಯನ್ನು ಬಾಚಿಕೊಂಡು, "ನೀ ಆಮ್ಯಾಲ ತಿನ್ನುವಿಯಂತ, ತಡಿ," ಎಂದು ದೇವರಿಗೇ ಹೇಳಿ ಬಂದಳು. ಮಾವ ಜೀಪು ತಂದರು. ದಾರಿಯುದ್ದಕ್ಕೂ ಅತ್ತೆಯ ಬೆರಳು ಬೆಕ್ಕಿನ ವಸಡಿನ ಮೇಲೆ. ಶಹಾಪುರ ದಾಟುವ ಹೊತ್ತಿಗೆ ಅದು ಕಣ್ಣು ಹೊರಳಿಸಿ ಆ ಬೆರಳನ್ನು ನೆಕ್ಕಿತು. ಮಾವ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡರು.

ಅಪಾಯ ಕಳೆಯಿತು ಎಂದ ಮೇಲೆ ಡಾಕ್ಟರ್ ಕೇಳಿದರು, ಇವತ್ತು ಬೇರೆ ಏನಾದರೂ ಮಾಡಿದಿರಾ ಎಂದು. ಬಾಟಲಿ ಹೊಸದು ಎಂದೆ.

ಅತ್ತೆ ಗಕ್ಕನೆ ನನ್ನ ಕಡೆ ತಿರುಗಿದಳು. "ಬಿಸಿಲಿಗಿಟ್ಟಿದ್ದಿ ಹೌದಲ್ಲೊ?"

"ಏನನ್ನ?"

"ಬಾಟ್ಲಿನ. ಬಿಸಿಲು ತೋರಿಸಲಾರ್ದ ಫ್ರಿಜ್ನಾಗ ಇಟ್ಟಿಯೇನ? ಹಸೀ ಔಷಧ ಚುಚ್ಚಿಸಿದ್ಯಲ್ಲ ನನ್ನ ಕೈಲೆ!"

ಡಾಕ್ಟರ ಕೈಯಿಂದ ಪೆನ್ನು ಬಿತ್ತು. ಒಂದೊಂದಾಗಿ ಎಲ್ಲ ಹೊರಬಿತ್ತು: ಹಳೆಯ ಬಾಟಲಿ ಡಬ್ಬಿ ಸೇರುವ ಮುಂಚೆಯೇ, ನಾನು ಇಲ್ಲದಾಗ, ಮಾಳಿಗೆಯ ಮೇಲೆ, ಮೆಣಸಿನಕಾಯಿಯ ಪಕ್ಕ, ಇಡೀ ದಿನ ಒಣಗಿತ್ತು. ಆಮೇಲೂ ಫ್ರಿಜ್ಜಿನಿಂದ ತೆಗೆದಾಗ ಗಾಜು ಬೆವೆತದ್ದು ಕಂಡರೆ, ಥಂಡಿ ಹಿಡಿದಿದೆ ಎಂದು ಮತ್ತೆ ಬಿಸಿಲಿಗೆ! ಫ್ರಿಜ್ಜಿನಲ್ಲಿಡಿ ಎಂದವರು ಬಿಸಿಲಿಗಿಡಬೇಡಿ ಎಂದೂ ಹೇಳಬೇಕೆಂದು ಯಾರಿಗೆ ಹೊಳೆದೀತು?

"ಅವ್ವಾರ," ಎಂದರು ಡಾಕ್ಟರ್ ಮೆತ್ತಗೆ, "ಬಿಸಿಲಿಗೆ ಅದರ ತಾಕತ್ತು ಹೋಗಿಬಿಡ್ತದರಿ. ಇಷ್ಟು ದಿನ ನೀವು ಚುಚ್ಚಿದ್ದು ಬರೇ ನೀರು ಅಂತ ತಿಳೀರಿ. ಅದು ಗೊತ್ತಿಲ್ದ ನಾ ಡೋಸ್ ಏರಿಸಿದ್ದೆ. ಇವತ್ತ ಖರೆ ಔಷಧ ಹೋಗ್ಯಾದ."

ಅತ್ತೆ ಬೆಕ್ಕನ್ನು ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡಳು. ಈ ಕತೆಯನ್ನು ಇಟ್ಟುಕೊಂಡು ಅವಳನ್ನು ಜನ್ಮವಿಡೀ ಗೋಳುಹೊಯ್ದುಕೊಳ್ಳಬಹುದು ಎಂದು ವಾಪಸು ಬರುವಾಗ ನನಗನಿಸಿತು. ಅವಳ ಮುಖ ನೋಡಿ ಆ ಆಸೆ ಬಿಟ್ಟೆ.

ಡಾಕ್ಟರ್ ಹೇಳಿದ ದಿನ, ಮೊದಲಿನ ಸಣ್ಣ ಪ್ರಮಾಣದಿಂದಲೇ ಮತ್ತೆ ಶುರು ಮಾಡಬೇಕಿತ್ತು. ಅತ್ತೆ ಸಿರಿಂಜನ್ನು ನನ್ನ ಕೈಗಿತ್ತಳು. "ನನ್ನ ಕೈ ಬ್ಯಾಡ ಅದಕ್ಕ. ನೀನ ಹಾಕು."

ಬೆಕ್ಕಿನ ಚರ್ಮ ಎತ್ತಿ ಹಿಡಿದೆ.

"ತಡಿ," ಎಂದಳು. ಪೊಟ್ಟಣದಿಂದ ಇನ್ನೊಂದು ಸೂಜಿ ತೆಗೆದು, ಖಾಲಿಯದು, ನನ್ನ ಮುಂದೆ ಹಿಡಿದಳು. ರವಿಕೆಯ ತೋಳು ಮೇಲೆ ಸರಿಸಿದಳು. ಮೊಣಕೈಯಿಂದ ಭುಜದವರೆಗೆ ಸಣ್ಣ ಸಣ್ಣ ಚುಕ್ಕೆ, ಹಳೆಯವು, ಹೊಸವು, ಕೆಲವು ಇನ್ನೂ ನೀಲಿ. ಬೇಗ ಬೇಗ ಮುಗಿದ ಸೂಜಿಗಳೆಲ್ಲ ಅಲ್ಲಿದ್ದವು.

"ಮೊದಲ ನನಗ ಚುಚ್ಚು. ಕೈ ಹಗೂರ ಅದನೋ ಇಲ್ಲೋ ಅಂತ ಅದು ಹ್ಯಾಂಗ ಹೇಳ್ತದ? ನಾ ಹೇಳ್ತೀನಿ."

ಚುಚ್ಚಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

"ಇನ್ನಾ ಸ್ವಲ್ಪ ಹಗೂರ," ಎಂದಳು.