ಮಾಳಮಡ್ಡಿಯಿಂದ ಜಪಾನಿಗೆ ಒಂದೇ ಸೀಟು

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಹಾಳೆ. ಜಪಾನಿನ ಶಾಲೆಯೊಂದರಿಂದ ಬಂದಿದ್ದ ಶಿಕ್ಷಕ ತನಾಕಾ, ಮಾಳಮಡ್ಡಿಯ ಚಿತ್ರಕಲಾ ಮಾಸ್ತರ ವೆಂಕಣ್ಣನ ಮನೆಗೆ ಊಟಕ್ಕೆ ಬರುವವರಿದ್ದರು. ಏನು ಬಡಿಸಬೇಕೆಂದು ಮುಖ್ಯಾಧ್ಯಾಪಕಿ ಜಯಮಾಲಾ ಮೇಡಮ್ ಟೈಪು ಮಾಡಿಸಿಯೇ ಕೊಟ್ಟಿದ್ದರು: ಬ್ರೆಡ್ಡು, ಬೇಯಿಸಿದ ಗಜ್ಜರಿ, ಬಾಳೆಹಣ್ಣು. ಖಾರ ಹತ್ತಿರ ಸುಳಿಯಬಾರದು.

"ಇದರಾಗ ಒಂದು ತಪ್ಪಿದ್ರೂ ಅಕ್ಟೋಬರದಾಗ ನೀವು ಜಪಾನಿಗೆ ಹೋಗೂದು ಕ್ಯಾನ್ಸಲ್ ನೋಡ್ರಿ," ಎಂದಿದ್ದರು.

ತನಾಕಾರ ಶಾಲೆ ನೋಡಲು ಹೊರಟಿದ್ದ ಮಕ್ಕಳ ಜೊತೆ ಹೋಗಲು ದೊಡ್ಡವರಿಗೆ ಇದ್ದದ್ದು ಒಂದೇ ಸೀಟು. ವೆಂಕಣ್ಣ ಆಗಲೇ ಪಾಸ್‌ಪೋರ್ಟ್ ಮಾಡಿಸಿದ್ದ. ಜೋಡಿ ಇರಲಿ ಎಂದು ಹೆಂಡತಿ ತಾರಾಬಾಯಿಯದನ್ನೂ ಮಾಡಿಸಿದ್ದ. ರಾಯಾಪುರದ ತನಕ ಕಂಡಕಂಡವರಿಗೆ ತೋರಿಸಿಯೂ ಆಗಿತ್ತು. ಆದರೂ ಆ ಹಾಳೆ ಓದಿ ಅವನ ಸಿಟ್ಟು ನೆತ್ತಿಗೇರಿತು.

"ಅವರು ನಮ್ಮ ಸಂಸ್ಕೃತಿ ನೋಡಾಕ ಬಂದಾರೋ, ದವಾಖಾನಿ ಊಟ ಮಾಡಾಕ ಬಂದಾರೋ? ಹೋದ್ರ ಹೋಗ್ಲಿ ಜಪಾನ! ನಮ್ಮ ಮನ್ಯಾಗ ಜ್ವಾಳದ ರೊಟ್ಟಿನ!"

"ರೊಟ್ಟಿ ಬಡಿಯೂ ಕೈ ನನ್ನವು. ನೀವು ಬರೇ ಬಾಯಿ ಬಡಕೋತೀರಿ," ಎಂದು ತಾರಾಬಾಯಿ ಒಲೆ ಹಚ್ಚಿದಳು.

ಪಕ್ಕದ ಮನೆಯ ಉದಯಕುಮಾರ ಕರೆಯದೇ ಬಂದ. ಕೈಯಲ್ಲಿ ಚಮಚ, ಮುಳ್ಳುಚಮಚ. "ಹಟ ಬ್ಯಾಡ್ರಿ ಮಾಸ್ತರ. ಆ ಮಂದಿಗೆ ಮೆಣಸಿನಕಾಯಿ ಹೆಸರು ಕೇಳಿದ್ರ ಜ್ವರ ಬರ್ತಾವ."

"ನಿಮ್ಮ ಚಮಚ ನಿಮ್ಮ ಮನ್ಯಾಗ ಇರಲಿ!"

ತನಾಕಾ ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆಂಪು ಮೆಣಸಿನಕಾಯಿಯ ರಂಜಕ, ಹೋಳಿಗೆ. ಅತಿಥಿಯ ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಆದರೂ ಕೈ ನಿಲ್ಲಲಿಲ್ಲ. ತಾಟಿನಲ್ಲಿ ಉಳಿಸಿದರೆ ಮನೆಯವರಿಗೆ ಅವಮಾನ ಎಂಬುದು ಅವರ ಪದ್ಧತಿ. ಖಾಲಿ ತಾಟು ಕಂಡರೆ ಮನೆಯವರಿಗೆ ಅವಮಾನ ಎಂಬುದು ತಾರಾಬಾಯಿಯ ಪದ್ಧತಿ. ಅವರು ಖಾಲಿ ಮಾಡಿದರು, ಇವಳು ಹಾಕಿದಳು. ಹೀಗೆ ಏಳು ರೊಟ್ಟಿ, ಐದು ಹೋಳಿಗೆ ಮುಗಿದವು. ಆಮೇಲೆ ತನಾಕಾ ಗೋಡೆ ಹಿಡಿದು ಎದ್ದು, ಮಂಚದ ಮೇಲೆ ಬಿದ್ದು, ಕಣ್ಣು ಮುಚ್ಚಿದರು.

ಕಿಟಕಿಯಲ್ಲಿದ್ದ ಉದಯಕುಮಾರ ಫೋನು ಹಚ್ಚಿಯೇ ಬಿಟ್ಟ. "ಮೇಡಮ್, ಜಪಾನಿನವರು ಬಿದ್ರು! ಕಣ್ಣು ತಗೀವಲ್ರು! ಲಗೂ ಬರ್ರಿ!"

ಸತ್ತೂರಿನ ದವಾಖಾನೆಗೆ ಒಯ್ಯಲು ಕಾರನ್ನೇ ತಗೊಂಡು ಮೇಡಮ್ ಬಂದರು. ಓಣಿಯೆಲ್ಲ ಅಂಗಳದಲ್ಲಿತ್ತು.

"ವೆಂಕಣ್ಣನವರ, ನಿಮ್ಮ ಹೆಸರು ತಗದೆ!"

"ತಗೀರಿ! ಮನಿಗೆ ಬಂದಾವರನ್ನ ಅರೆಹೊಟ್ಟಿಲೆ ಕಳಸೂದಕ್ಕಿಂತ ಅದ ಛಲೋ!" ಹಾಗೆಂದನೇನೋ ಸರಿ, ಕೈ ಮಾತ್ರ ಕಿಸೆಯಲ್ಲಿದ್ದ ಪಾಸ್‌ಪೋರ್ಟ್ ಸವರಿತು.

ಆ ಗದ್ದಲಕ್ಕೆ ತನಾಕಾ ಎದ್ದು ಕೂತು, ಕೈಮುಗಿದು, ಇಂಗ್ಲಿಷಿನಲ್ಲಿ ಹೇಳಿದರು. ಎಂಟು ದಿನದಿಂದ ಹೋಟೆಲಿನ ಬ್ರೆಡ್ಡು, ಗಜ್ಜರಿ ತಿಂದು ನಿದ್ದೆಯೇ ಬಂದಿರಲಿಲ್ಲವಂತೆ. ಇವತ್ತು ಮನೆಯ ಊಟ ಉಂಡು ಕಣ್ತುಂಬ ನಿದ್ದೆ ಮಾಡಿದರಂತೆ.

ಮೇಡಮ್ ಮುಖ ಅರಳಿತು. ವೆಂಕಣ್ಣ ಉದಯಕುಮಾರನತ್ತ ಒಂದು ನೋಟ ಬೀರಿದ. "ಅಂದ್ರ ನನ್ನ ಹೆಸರು ಮತ್ತ ಬಂತಲ್ರೀ?"

ತನಾಕಾ ಮಾತು ಮುಗಿಸಿರಲಿಲ್ಲ. ಈ ರೊಟ್ಟಿಯನ್ನು ನಮ್ಮ ಶಾಲೆಯ ಮಕ್ಕಳೂ ಕಲಿಯಬೇಕು, ಆ ಸೀಟನ್ನು ಇದನ್ನು ಮಾಡಿದವರಿಗೆ ಕೊಡಿ ಎಂದರು.

"ಪಾಸ್‌ಪೋರ್ಟ್ ಅದ ಏನ್ರಿ ತಾರಾಬಾಯಿ?" ಎಂದು ಮೇಡಮ್ ಕೇಳಿದರು.

"ಅದ್ರಿ. ಇವರ ಮಾಡಿಸ್ಯಾರ," ಎಂದು ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ಛಲೋ ಆತು. ಮಾಸ್ತರ, ಅದ ಅಕ್ಟೋಬರದಾಗ ಅವರ ಕಡಿಂದ ಹತ್ತು ಮಂದಿ ಇಲ್ಲಿಗೆ ಬರ್ತಾರ. ಊಟ ನಿಮ್ಮ ಮನ್ಯಾಗ. ಬೇಕಾದ್ರ ಬ್ರೆಡ್ ತರಸ್ರಿ, ನಾ ಏನೂ ಅನ್ನೂದಿಲ್ಲ."

"ನಮ್ಮ ಮನ್ಯಾಗ ಬ್ರೆಡ್ಡಾ? ಸಾಧ್ಯನ ಇಲ್ಲ! ರೊಟ್ಟಿನ!" ಸೀಟು ಹೋದರೂ ವೆಂಕಣ್ಣನ ಗರ್ಜನೆ ಹೋಗಿರಲಿಲ್ಲ.

"ಹಂಗಾರ ಬರ್ರಿ," ಎಂದು ತಾರಾಬಾಯಿ ಹಿಟ್ಟಿನ ಪರಾತ ಮುಂದಿಟ್ಟಳು. "ನಾದ್ರಿ. ಅಕ್ಟೋಬರ ಏನ ಭಾಳ ದೂರ ಇಲ್ಲ."

ಸಂಜೆ ಚಿತ್ರಕಲಾ ಮಾಸ್ತರನ ಮೊದಲ ರೊಟ್ಟಿ ನಾಲ್ಕು ತುಂಡಾಗಿ ಹಂಚಿನ ಮೇಲೆ ಬಿತ್ತು. ಒಂದು ಉದ್ದ, ಮೂರು ಸಣ್ಣವು.

ಉದಯಕುಮಾರ ಕಿಟಕಿಯಿಂದ ಇಣುಕಿದ. "ಬಿಡ್ರಿ ಮಾಸ್ತರ, ಜಪಾನಿನ ನಕಾಶೆ ಇದ್ದಂಗ ಅದ. ಕುಂತಲ್ಲೇ ನೋಡಿದ್ರಲ್ಲ!"