ಹೊಳೆನರಸೀಪುರದ ಬಸ್ಸಿನಲ್ಲಿ ಹೋದ ಭರತನಾಟ್ಯ

ಎದುರೆದುರು ನಿಂತು ನೃತ್ಯ ಕಟ್ಟುವವರಿಗೆ ಬರೀ ಹೆಜ್ಜೆ ತಪ್ಪುತ್ತದೆ. ಬೇರೆ ಬೇರೆ ಊರಲ್ಲಿ ಕೂತು ಕಟ್ಟುವವರಿಗೆ ಮಿಕ್ಕಿದ್ದೆಲ್ಲ ತಪ್ಪುತ್ತದೆ. ನಮಗೆ ಏನೂ ತಪ್ಪದ ವಾರವೇ ಇರಲಿಲ್ಲ.

ತೊಂಬತ್ತರ ದಶಕದ ಕೊನೆ. ನಾನು ಹಾಸನದಲ್ಲಿ. ಜೊತೆಗೆ ಕುಣಿಯುತ್ತಿದ್ದ ಗೆಳತಿ ಅಪ್ಪನಿಗೆ ವರ್ಗವಾಗಿ ಹೊಳೆನರಸೀಪುರದಲ್ಲಿ. ಹಾಸನದ ಹತ್ತಿರದ ಮೊಸಳೆ ಅನ್ನೋ ಊರಿನ ಜೋಡಿ ಗುಡಿಗಳ ಮೇಲೆ ಇಬ್ಬರೇ ಹೊಸದೊಂದು ಕಟ್ಟುತ್ತೀವಿ ಅಂದಾಗ ಡ್ಯಾನ್ಸ್ ಟೀಚರ್ ನನ್ನನ್ನೇ ನೋಡಿದರು.

"ಅರಕಲಗೂಡಿನ ಕಾರ್ಯಕ್ರಮಕ್ಕೆ ಮಾಡಿ. ಕೆಟ್ಟರೆ ನೀನು ಮತ್ತೆ ಜಿಂಕೆ."

ಆರು ವರ್ಷದಿಂದ ಎಲ್ಲ ರೂಪಕದಲ್ಲೂ ನಾನೇ ಜಿಂಕೆ. ಬರಬೇಕು, ಬೆದರಬೇಕು, ಓಡಬೇಕು. ನನ್ನ ಸ್ವಭಾವಕ್ಕೆ ಅದೇ ಸರಿ ಅಂತ ಅವರ ಅಭಿಪ್ರಾಯ.

ಬೂತಿನಲ್ಲಿ

ಹೆಜ್ಜೆಯ ಜತಿಗಳನ್ನು ಎಸ್‌ಟಿಡಿ ಬೂತಿನಿಂದ ಗೆಳತಿಗೆ ಹೇಳುತ್ತಿದ್ದೆ. ಯಾರಿಗೂ ಕೇಳಿಸಬಾರದೆಂದು ಪಿಸುದನಿಯಲ್ಲಿ "ತಕ ಧಿಮಿ ತಕ ಝಣು", ತೊಡೆ ಮೇಲೆ ತಾಳ. ಸರದಿಗೆ ಕಾದಿದ್ದ ಅಜ್ಜ ಗಾಜಿನ ಬಾಗಿಲು ತೆಗೆದ.

"ಚೇಳಿನ ಮಂತ್ರ ಅಲ್ವೇನವ್ವ? ಫೋನಲ್ಲೂ ಇಳೀತದಾ ವಿಸ?"

ಬಿಡಿಸಿ ಹೇಳಲು ನಾಚಿಕೆಯಾಗಿ ಹೂಂ ಅಂದೆ. ಮುಂದಿನ ವಾರ ಕಾಲು ಊದಿದ ಸೊಸೆಯ ಜೊತೆ ಕಾದು ನಿಂತಿದ್ದ. "ಫೋನ್ ಬ್ಯಾಡ ಕಣವ್ವ, ಆಳನ್ನೇ ಕರ್ಕಂಬಂದಿವ್ನಿ."

ಬಸ್ಸಿನಲ್ಲಿ

ಆಮೇಲೆ ಬೂತಿನ ಕಡೆ ಹೋಗಲಿಲ್ಲ. ಭಂಗಿಗಳನ್ನು ಕಡ್ಡಿ ಗೊಂಬೆಗಳಾಗಿ ಬರೆದು ಕಂಡಕ್ಟರ್ ಕೈಲಿ ಕಳಿಸತೊಡಗಿದೆ. ಒಂದು ದಿನ ಆತ ಹಾಳೆಯನ್ನು ವಾಪಸ್ ತಂದ.

"ಮೂರನೇ ಬೊಂಬೆಗೆ ಎರಡು ಕಾಲೂ ಮ್ಯಾಲೈತೆ. ಬಸ್ಸಲ್ಲಿ ಕಂಬಿ ಇಡ್ಕಂಡು ನಾನೇ ಮಾಡಿ ನೋಡ್ದೆ, ಆಗಾಕಿಲ್ಲ. ತಿದ್ದಿ ಕೊಡವ್ವ."

ಅಡುಗೆಮನೆ ಪಕ್ಕದಲ್ಲಿ

ಹಾಡನ್ನು ನಾನೇ ಬಾಗಿಲು ಹಾಕಿಕೊಂಡು ಹಾಡಿ ಕ್ಯಾಸೆಟ್ಟಿಗೆ ತುಂಬಿಸಿ, ಒಂದು ಪ್ರತಿ ಗೆಳತಿಗೆ ಕಳಿಸಿದೆ. ಗೋಡೆಯಾಚೆ ಅಮ್ಮನ ಕುಕ್ಕರ್ ಮೂರು ಸಲ ಕೂಗಿದ್ದೂ ತುಂಬಿಕೊಂಡಿತ್ತು. ಗೆಳತಿಯ ಕಾಗದ ಬಂತು: "ಆ ವಿಷಲ್ ಐಡಿಯಾ ಎಷ್ಟು ಚೆನ್ನಾಗಿದೆ ಕಣೇ. ಒಂದೊಂದು ವಿಷಲ್‌ಗೂ ಗುಡಿಗಳೆರಡೂ ಒಂದರತ್ತ ಒಂದು ತಿರುಗಲಿ."

ಅದು ಬೇಳೆ ಬೆಂದ ಸದ್ದು ಅಂತ ಹೇಗೆ ಬರೆಯೋದು? ನಾನೂ ದಿನಾ ಕ್ಯಾಸೆಟ್ ಹಾಕಿ, ವಿಷಲ್‌ಗೆ ತಿರುಗುವುದನ್ನೇ ಅಭ್ಯಾಸ ಮಾಡಿದೆ.

ಅರಕಲಗೂಡಿನಲ್ಲಿ

ಒಟ್ಟಿಗೆ ಅಭ್ಯಾಸ ಮಾಡಬೇಕಿದ್ದ ಭಾನುವಾರ ಅವಳಿಗೆ ಜ್ವರ ಬಂತು. ಹಾಗಾಗಿ ನಾವಿಬ್ಬರೂ ಸೇರಿ ಕುಣಿದದ್ದು ನೇರ ವೇದಿಕೆಯ ಮೇಲೆ. ಹಾಡಿದ್ದು ಟೀಚರ್.

ಬೆನ್ನಿಗೆ ಬೆನ್ನು ಹಾಕಿ ಗುಡಿಗಳಾಗಿ ನಿಂತೆವು. ತಿರುಗುವ ಸಾಲು ಬಂತು. ಅವಳು ತಿರುಗಲಿಲ್ಲ, ನಾನೂ ತಿರುಗಲಿಲ್ಲ. ಟೀಚರ್ ಅದೇ ಸಾಲನ್ನು ಮತ್ತೊಮ್ಮೆ ಹಾಡಿದರು. ಮೂರನೇ ಸಲ ತಾಳವನ್ನು ಕುಟ್ಟಿದರು. ನಾಲ್ಕನೇ ಸಲಕ್ಕೆ ಕಣ್ಣಲ್ಲೇ ಜಿಂಕೆ ಅಂದರು. ಓಡಿಬಿಡೋಣ ಅನ್ನಿಸಿತು. ಆರು ವರ್ಷದ ಅನುಭವ ಹೇಗೂ ಇತ್ತು.

ಆಗ ಮುಂದಿನ ಸಾಲಿನಿಂದ "ಶ್ಶ್ಶ್‌ಶ್ಶ್" ಅಂತ ಉದ್ದನೆಯ ಸದ್ದು.

ತಿಂಗಳಿಡೀ ಆ ಕ್ಯಾಸೆಟ್ ಕೇಳಿದ್ದ ಅಮ್ಮ, ರೇಷ್ಮೆ ಸೀರೆ ಉಟ್ಟು, ಕೈ ಕಟ್ಟಿ ಕೂತು, ಕುಕ್ಕರಿನಂತೆಯೇ ಕೂಗಿದ್ದರು. ಇಬ್ಬರೂ ಒಂದೇ ಏಟಿಗೆ ತಿರುಗಿದೆವು. ಹಿಂದೆ ಯಾರೋ "ನೋಡ್ಲಾ, ಗುಡಿ ತಿರುಗ್ತು" ಅಂದರು. ಮಿಕ್ಕ ಎರಡನ್ನೂ ಅಮ್ಮ ತಾಳ ತಪ್ಪದೆ ಕೂಗಿದರು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಪರದೆ ಬಿದ್ದ ಮೇಲೆ ಟೀಚರ್ ನನ್ನ ಹತ್ತಿರ ಬಂದರು. "ಜಿಂಕೆಗೆ ಬೇರೆಯವರನ್ನು ನೋಡ್ತೀನಿ," ಅಂದರು. ನನಗೆ ಅಳು ಬರುವಂತಾಯಿತು.

"ಚನ್ನರಾಯಪಟ್ಟಣದಲ್ಲೂ ಇದನ್ನೇ ಮಾಡಿ. ಆದರೆ ನಿಮ್ಮಮ್ಮನ್ನ ಕೆಳಗೆ ಕೂರಿಸಬೇಡ. ಮೃದಂಗದ ಪಕ್ಕ ಕೂರಿಸು."