ಆರನೇ ಹಂತ

"ಈ ಸಹಾಯಪುಟ ಬರೆದ ಕತ್ತೆ ಯಾವುದು?" ಎಂದು ಪ್ರಿಂಟಣ್ಣ ಕೇಳಿದ್ದೇ ತಪ್ಪಾಯಿತು. ಬಾಯಲ್ಲಿ ಕೇಳಿದ್ದರೆ ಗೋಡೆ ಕೇಳಿಸಿಕೊಂಡು ಸುಮ್ಮನಾಗುತ್ತಿತ್ತು. ಅವನು ಅದನ್ನು ಟೈಪು ಮಾಡಿ ಬಳಗದ ಚರ್ಚೆಪುಟಕ್ಕೆ ಹಾಕಿಬಿಟ್ಟ.

ಪ್ರಿಂಟಣ್ಣನ ಮುದ್ರಣದಂಗಡಿಯ ಕಂಪ್ಯೂಟರಿನಲ್ಲಿದ್ದದ್ದು ಯಾರು ಬೇಕಾದರೂ ಹಾಕಿಕೊಳ್ಳಬಹುದಾದ, ಯಾರು ಬೇಕಾದರೂ ರಿಪೇರಿ ಮಾಡಬಹುದಾದ ಪುಕ್ಕಟೆ ಆಪರೇಟಿಂಗ್ ಸಿಸ್ಟಂ. ಅದಕ್ಕೆ ಮಾಲೀಕನಿಲ್ಲ, ಬೈಯೋಣವೆಂದರೆ ಒಂದು ಮುಖವೂ ಇಲ್ಲ. ಕೆಲಸಕ್ಕೊಂದು ತಂತ್ರಾಂಶದ ಪ್ಯಾಕೇಜು, ಪ್ಯಾಕೇಜಿಗೊಂದು ಸಹಾಯಪುಟ, ಪುಟ ಬರೆಯುವುದು ಬಳಸುವವರದೇ ಬಳಗ. ಹೋದ ವಾರ ಪ್ರಿಂಟರಿನ ಪ್ಯಾಕೇಜು ಹೊಸದಾದಾಗಿನಿಂದ ಹಾಳೆಯ ಹಿಂಬದಿ ತಲೆಕೆಳಗಾಗಿ ಅಚ್ಚಾಗುತ್ತಿತ್ತು. ಪುಟ ಹೇಳಿದ ಹಾಗೆ ಮಾಡಿದರೆ ಮುಂಬದಿಯೂ ಅದರ ಜೊತೆಗೆ ಶೀರ್ಷಾಸನ ಹಾಕಿತು. ಪ್ರಿಂಟಣ್ಣ ತಲೆ ಕೆರೆದು ಕೆರೆದು, ಇದ್ದ ನಾಲ್ಕು ಕೂದಲನ್ನೂ ಪಣಕ್ಕಿಟ್ಟು, ನಿನ್ನೆ ಮದ್ದು ಕಂಡುಹಿಡಿದಿದ್ದ.

ಅದೂ ಸರಿಯಾದ ಹೊತ್ತಿಗೆ. ಬಸ್ ಡಿಪೋದ ಮೇಲ್ವಿಚಾರಕಿ ಇಂದು ಸಂಜೆ ಬರುವವರಿದ್ದರು. ವೇಳಾಪಟ್ಟಿಯ ಮಾದರಿ ಹಾಳೆಯನ್ನು ಎರಡೂ ಬದಿ ನೆಟ್ಟಗೆ ಅಚ್ಚು ಹಾಕಿ ತೋರಿಸಿದವರಿಗೆ ಇಡೀ ವರ್ಷದ ಕೆಲಸ. ಬೀದಿಯಲ್ಲಿ ಇನ್ನೊಂದೇ ಮುದ್ರಣದಂಗಡಿ, ಎದುರುಗಡೆ. ಅಲ್ಲಿಯೂ ಅದೇ ಸಿಸ್ಟಂ, ಅದೇ ಪ್ರಿಂಟರು, ಅದೇ ರೋಗ. ಎದುರಂಗಡಿಯವನು ಯಂತ್ರಕ್ಕೆ ಒದೆಯುವ ಸದ್ದು ಬೆಳಗಿನಿಂದ ಪ್ರಿಂಟಣ್ಣನ ಕಿವಿಗೆ ಮದುವೆಮನೆಯ ವಾದ್ಯದಂತೆ ಬೀಳುತ್ತಿತ್ತು.

ಕತ್ತೆಯ ಪ್ರಶ್ನೆಗೆ ಬಳಗದಿಂದ ಉತ್ತರ ಬಂತು: ಸರಿಯಾದದ್ದು ಗೊತ್ತಿರುವವರು ಬರೆಯಬಹುದು, ಪುಟ ಎಲ್ಲರದೂ.

ಪುಸ್ತಕ ಕಟ್ಟುವ ಮೇಜಿನಿಂದ ಹೆಂಡತಿ ಇಣುಕಿ ಓದಿದಳು. "ಬೈಯೋಕೆ ಬರತ್ತೆ, ಬರೆಯೋಕೆ ಬರಲ್ವಾ?"

ಪ್ರಿಂಟಣ್ಣ ಕುರ್ಚಿ ಎಳೆದುಕೊಂಡ. ಇವಳ ಬಾಯಿ ಮುಚ್ಚಿಸಲು ನಾಲ್ಕು ಸಾಲು ಸಾಕು ಎಂದುಕೊಂಡ.

ಬಳಗದಲ್ಲೊಂದು ಕಟ್ಟಳೆ. ಬರೆದವನು ತನ್ನದು ಸರಿ ಎಂದರೆ ನಡೆಯದು. ಬೇರೆ ಯಾರಾದರೂ ಪುಟವನ್ನು ಕಣ್ಣುಮುಚ್ಚಿ ನಂಬಿ, ತಮ್ಮ ಯಂತ್ರದಲ್ಲಿ ಹಾಗೇ ಮಾಡಿ ನೋಡಿ, ಆಯ್ತು ಎನ್ನಬೇಕು. ಅಲ್ಲಿ ಎಲ್ಲರಿಗೂ ಇಟ್ಟುಕೊಂಡ ಹೆಸರು. ಪ್ರಿಂಟಣ್ಣನದು 'ಶಾಯಿಕುಡಿಕೆ'. ಪರೀಕ್ಷೆಗೆ ಮುಂದೆ ಬಂದವನದು 'ಕಾಗದಹುಳು'.

ಈ ಹುಳು ಬರೇ ಕೊರೆಯುವ ಜಾತಿ. ಹಳೇ ಪ್ಯಾಕೇಜು ತೆಗೆಯಿರಿ ಎಂದರೆ ಹೇಗೆ ತೆಗೆಯುವುದು ಎಂದು ಕೇಳಿತು. ಹಂತ ಹಂತವಾಗಿ ಬರೆಯಿರಿ, ನನಗೆ ಏನೂ ಗೊತ್ತಿಲ್ಲ ಅಂದುಕೊಳ್ಳಿ ಎಂದಿತು.

"ಅಂದುಕೊಳ್ಳೋದೇನು, ಕಾಣ್ತಾನೇ ಇದೆಯಲ್ಲ" ಎಂದು ಪ್ರಿಂಟಣ್ಣ ಗೊಣಗಿದ. ಆದರೆ ಒಂದೊಂದು ಹಂತವನ್ನೂ ನೆನಪಿಸಿಕೊಳ್ಳಬೇಕಾದರೆ ವಾಸಿಯಾಗಿದ್ದ ಯಂತ್ರಕ್ಕೆ ಮತ್ತೆ ರೋಗ ಬರಿಸಿ, ಮತ್ತೆ ಮದ್ದು ಕೊಟ್ಟು ನೋಡಬೇಕಿತ್ತು. ಹಾಗೇ ಮಾಡಿದ. ಪ್ರಿಂಟರ್ ಆಫ್ ಮಾಡಿ ಎಂದು ಬರೆದ. ಗುಂಡಿಯಲ್ಲೋ ಗೋಡೆಯಲ್ಲೋ ಎಂದಿತು ಹುಳು. ಮತ್ತೆ ರೋಗ, ಮತ್ತೆ ಮದ್ದು. ಗೋಡೆಯಲ್ಲಿ ಎಂದ. ಎಷ್ಟು ಹೊತ್ತು ಎಂದಿತು.

ಅಷ್ಟರಲ್ಲಿ ಪಕ್ಕದ ದರ್ಜಿ ಅಕ್ಕ ಬಂದಳು, ಕತ್ತರಿ ಕೇಳುವ ನೆಪದಲ್ಲಿ. ಅವಳ ಹತ್ತಿರ ಕತ್ತರಿಯಿಲ್ಲವೆಂದರೆ ಮೀನಿನ ಹತ್ತಿರ ನೀರಿಲ್ಲವೆಂದ ಹಾಗೆ. ಪುಕ್ಕಟೆ ಪೇಪರು ಓದಲು ದಿನಾ ಬಂದು ಕೂರುವ ನಿವೃತ್ತ ಮೇಷ್ಟ್ರು ಆಗಲೇ ಕನ್ನಡಕ ಏರಿಸಿ ಪರದೆಗೆ ಮೂಗು ತಾಗಿಸಿದ್ದರು. ಪೀಠಿಕೆಯೇ ಇಲ್ಲವಲ್ಲಪ್ಪ, ಮುದ್ರಣದ ಮಹತ್ವದಿಂದ ಶುರುಮಾಡು ಎಂದರು. ಪ್ರಿಂಟಣ್ಣ ಶುರುಮಾಡಿದ. ಹುಳು ಬಂದು ಅದನ್ನು ತೆಗೆಸಿತು.

"ಹೊಲಿಯೋ ಮುಂಚೆ ಯಾರಿಗೆ ಅಂತ ನೋಡ್ಬೇಕಪ್ಪ" ಎಂದಳು ದರ್ಜಿ ಅಕ್ಕ. "ಇದು ಯಾರ ಅಳತೆದು?"

"ಒಬ್ಬ ದಡ್ಡಂದು" ಎಂದ ಪ್ರಿಂಟಣ್ಣ.

ಹೆಂಡತಿ ಮಾತ್ರ ಒಂದು ಬುದ್ಧಿಯ ಮಾತಾಡಿದಳು. "ಊರಿಗೆ ಉಪಕಾರಿ ಆಮೇಲಾಗಿ. ಮೊದಲು ಡಿಪೋದವರಿಗೆ ಒಂದು ಹಾಳೆ ತೆಗೆದಿಟ್ಟುಬಿಡಿ."

"ಮದ್ದು ನನ್ನ ಕೈಯಲ್ಲೇ ಇದೆ, ಯಾವಾಗ ಬೇಕಾದ್ರೂ ತೆಗೀಬಹುದು" ಎಂದ ಅವನು.

ಸಂಜೆಯ ಹೊತ್ತಿಗೆ ಹುಳು ಆರನೇ ಹಂತಕ್ಕೆ ಬಂದು ಸಿಕ್ಕಿಕೊಂಡಿತು. ಇಲ್ಲಿ ಎರಡು ಆಯ್ಕೆ ಕಾಣುತ್ತಿವೆ, ಯಾವುದನ್ನು ಒತ್ತಲಿ? ಪ್ರಿಂಟಣ್ಣ ಹಲ್ಲು ಕಡಿಯುತ್ತಾ ಇನ್ನೊಮ್ಮೆ ಯಂತ್ರಕ್ಕೆ ರೋಗ ಬರಿಸಿದ, ಆರನೇ ಹಂತದವರೆಗೆ ಬಂದು ಇಣುಕಿದ, 'ಕೆಳಗಿನದು' ಎಂದು ಬರೆದು ಕೈ ಕೊಡವಿದ.

ಎದುರುಗಡೆ ಒದೆಯುವ ಸದ್ದು ನಿಂತಿತು. ಪಾಪ, ಕಾಲು ನೋಯುತ್ತಿರಬೇಕು ಎಂದುಕೊಂಡ.

ಪರದೆಯ ಮೇಲೆ ಉತ್ತರ ಮೂಡಿತು: 'ಆಯ್ತು. ಎರಡೂ ಬದಿ ನೆಟ್ಟಗೆ. ಶಾಯಿಕುಡಿಕೆಯವರೇ, ನಿಮ್ಮ ಕೈಗೆ ಚಿನ್ನದ ಕಡಗ ತೊಡಿಸಬೇಕು.' ಬಳಗ ಪುಟವನ್ನು ಒಪ್ಪಿತು. ಪ್ರಿಂಟಣ್ಣನ ಎದೆ ಉಬ್ಬಿ ಅಂಗಿಯ ಗುಂಡಿ ದರ್ಜಿ ಅಕ್ಕನ ಕಡೆ ಆಸೆಯಿಂದ ನೋಡಿತು. ಅದೇ ಗಳಿಗೆಗೆ ಡಿಪೋದ ಮೇಲ್ವಿಚಾರಕಿ ಬಾಗಿಲಲ್ಲಿ ನಿಂತಿದ್ದರು.

ಅವನು ಠೀವಿಯಿಂದ ಹಾಳೆ ಹಾಕಿದ. ಯಂತ್ರ ಆರನೇ ಹಂತದಲ್ಲೇ ನಿಂತಿದೆ ಎಂಬುದು ಯಂತ್ರಕ್ಕೆ ನೆನಪಿತ್ತು, ಅವನಿಗಿರಲಿಲ್ಲ.

ಆಕೆ ಹಾಳೆ ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. "ನಮ್ಮ ಪ್ರಯಾಣಿಕರು ನೆಟ್ಟಗೆ ನಿಂತು ಓದ್ತಾರಪ್ಪ."

"ಎರಡೇ ನಿಮಿಷ ಮೇಡಂ."

"ಅಷ್ಟು ಹೊತ್ತು ನಮ್ಮ ಬಸ್ಸೇ ನಿಲ್ಲಲ್ಲ" ಎಂದು ಅವರು ಬೀದಿ ದಾಟಿದರು. ಎದುರಂಗಡಿಯ ಪ್ರಿಂಟರು ತೃಪ್ತಿಯಾಗಿ ತೇಗಿತು.

ಗೆದ್ದವನ ಸಂತೋಷಕ್ಕೆ ಶತ್ರುವೂ ನೆಂಟನೇ. ಎದುರಂಗಡಿಯವನು ತಾನೇ ಬಂದು ಬೆನ್ನು ತಟ್ಟಿದ. "ಯಾರೋ ಶಾಯಿಕುಡಿಕೆ ಅಂತ, ಪುಣ್ಯಾತ್ಮ. ಮಗೂಗೆ ಹೇಳಿದ ಹಾಗೆ ಹೇಳಿಕೊಟ್ಟ ಮಾರಾಯ. ನೀನೂ ಒಂದ್ಸಲ ಓದು. ಅವನ ಮನೆ ಒಲೆ ಯಾವತ್ತೂ ಉರೀತಿರಲಿ."

"ಇವತ್ತು ಹಚ್ಚಿಲ್ಲ" ಎಂದಳು ಹೆಂಡತಿ, ಸೂಜಿಯಿಂದ ಕಣ್ಣೆತ್ತದೆ.

ಎಲ್ಲರೂ ಹೋದ ಮೇಲೆ ಪ್ರಿಂಟಣ್ಣ ತನ್ನದೇ ಪುಟ ತೆರೆದು ಯಂತ್ರವನ್ನು ಸರಿಮಾಡಲು ಕೂತ. ಬೆಳಗಿನಿಂದ ಬಿಚ್ಚಿ ಕಟ್ಟಿಸಿಕೊಂಡು ಸುಸ್ತಾದ ಯಂತ್ರ ಈಗ ಆರನೇ ಹಂತದಲ್ಲಿ ಎರಡರ ಬದಲು ಮೂರು ಆಯ್ಕೆ ತೋರಿಸಿತು. ಕೆಳಗಿನದನ್ನು ಒತ್ತಿದ, ಕೆಟ್ಟಿತು. ಶಾಯಿಕುಡಿಕೆಯ ಹೆಸರಲ್ಲಿ ಕೇಳಲು ಮಾನ ಅಡ್ಡ ಬಂತು. ಹೊಸದೊಂದು ಹೆಸರಿಟ್ಟುಕೊಂಡು ಚರ್ಚೆಪುಟದಲ್ಲಿ ಮೆಲ್ಲಗೆ ಕೇಳಿದ: ಆರನೇ ಹಂತದಲ್ಲಿ ಯಾವುದನ್ನು ಒತ್ತಬೇಕು?

ಎದುರಂಗಡಿಯಲ್ಲಿ ಕೀಲಿಮಣೆ ಟಕಟಕ ಎಂದಿತು. ಕಾಗದಹುಳುವಿನ ಉತ್ತರ ಬಂತು:

'ಕೇಳುವ ಮುಂಚೆ ಪುಟವನ್ನು ಪೂರ್ತಿ ಓದಿ. ಪಾಪ, ನಿಮ್ಮಂಥ ದಡ್ಡರಿಗೆಂದೇ ಯಾರೋ ಕಷ್ಟಪಟ್ಟು ಬರೆದಿದ್ದಾರೆ.'